ಕೊಡಗಿನಲ್ಲಿ ಬ್ಯಾಂಕ್ ಪ್ಯಾನೆಲ್ ವಕೀಲರಾಗಿ ಉಳಿಯಲು ಏನೇನು ಮಾಡಬೇಕು

ಬ್ಯಾಂಕಿನ ಪ್ಯಾನೆಲ್‌ಗೆ (ಸಾಲಕ್ಕೆ ಅಡವಿಡುವ ಆಸ್ತಿಯ ದಾಖಲೆ ನೋಡಿ ವರದಿ ಕೊಡುವ ವಕೀಲರ ಪಟ್ಟಿಗೆ) ಸೇರಲು ಅರ್ಜಿ, ಅನುಭವ, ಸ್ವಲ್ಪ ಪರಿಚಯ ಇದ್ದರೆ ಸಾಕಾಗಬಹುದು. ಸೇರಿದ ಮೇಲೆ ಅಲ್ಲಿ ಉಳಿಯುವುದೇ ಕಷ್ಟ. ಹೆಸರು ತೆಗೆದುಹಾಕಿದ್ದೇವೆ ಎಂದು ಪತ್ರ ಬರುವುದು ಅಪರೂಪ. ಫೈಲು ಬರುವುದು ನಿಲ್ಲುತ್ತದೆ ಅಷ್ಟೆ. ಮ್ಯಾನೇಜರನ್ನು ಕೇಳಿದರೆ 'ಈಗ ಕೇಸು ಕಡಿಮೆ ಸಾರ್' ಎನ್ನುತ್ತಾರೆ, ಆದರೆ ಪಕ್ಕದ ಚೇಂಬರಿಗೆ ಅದೇ ಶಾಖೆಯಿಂದ ವಾರಕ್ಕೆರಡು ಫೈಲು ಹೋಗುತ್ತಿರುತ್ತವೆ.

ಹೀಗಾಗುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ವಕೀಲರ ಸ್ವಂತ ದಾಖಲೆಗಳ ಅವಧಿ ಮುಗಿದಿರುತ್ತದೆ, ಇಲ್ಲವೇ ವರದಿ ತಡವಾಗುತ್ತಿರುತ್ತದೆ, ಇಲ್ಲವೇ ಸಾಲ ಎನ್‌ಪಿಎ (ವಸೂಲಾಗದ ಸಾಲ) ಆದ ಮೇಲೆ ಫೈಲು ತೆರೆದು ನೋಡಿದಾಗ ಟೈಟಲ್‌ನಲ್ಲಿ (ಮಾಲೀಕತ್ವದ ಹಕ್ಕಿನಲ್ಲಿ) ಹುಳುಕು ಕಂಡಿರುತ್ತದೆ. ಮೊದಲೆರಡನ್ನು ಒಂದು ಡೈರಿ ಇಟ್ಟುಕೊಂಡರೂ ಸರಿಪಡಿಸಬಹುದು. ಮೂರನೆಯದು ಕೊಡಗಿನಲ್ಲಿ ಹೆಚ್ಚು. ಬೆಂಗಳೂರಿನಲ್ಲಿ ತಯಾರಾದ ವರದಿಯ ನಮೂನೆಗೆ ಇಲ್ಲಿನ ಜಮ್ಮಾ, ಬಾಣೆ, ಸಾಗು, ಪಟ್ಟೆದಾರಿಕೆ ಎಂಬ ಭೂಹಿಡುವಳಿ ಪದ್ಧತಿ ಯಾವುದೂ ಸರಿಯಾಗಿ ಕೂರುವುದಿಲ್ಲ. ಕಾಲಂ ತುಂಬಬೇಕಲ್ಲ ಎಂದು ತುಂಬಿದವರ ವರದಿಯೇ ಮುಂದೆ ತೊಂದರೆ ಕೊಡುತ್ತದೆ.

ನಿಮ್ಮದೇ ಕಾಗದಪತ್ರ ಮೊದಲು

ಪ್ರತಿ ಬ್ಯಾಂಕಿಗೂ ಒಂದು ಪ್ರತ್ಯೇಕ ಕಡತ ಇಡಿ. ಅದರಲ್ಲಿ ಪ್ಯಾನೆಲ್‌ಗೆ ಸೇರಿಸಿದ ಪತ್ರ, ಅದರ ಅವಧಿ, ಯಾವ ಶಾಖೆಗಳಿಗೆ ಮತ್ತು ಎಷ್ಟು ಮೊತ್ತದವರೆಗಿನ ಸಾಲಗಳಿಗೆ ನೀವು ವರದಿ ಕೊಡಬಹುದು ಎಂಬ ಮಿತಿ, ಶುಲ್ಕದ ಪಟ್ಟಿ, ವರದಿಯ ಚಾಲ್ತಿ ನಮೂನೆ ಇಷ್ಟೂ ಇರಲಿ. ಅವಧಿ ಒಂದೊಂದು ಬ್ಯಾಂಕಿಗೆ ಒಂದೊಂದು ಥರ. ನವೀಕರಣವನ್ನು ಶಾಖೆ ಮಾಡುವುದಿಲ್ಲ, ಪ್ರಾದೇಶಿಕ ಅಥವಾ ವಲಯ ಕಚೇರಿ ಮಾಡುತ್ತದೆ. ಆದ್ದರಿಂದ ಶಾಖೆಯವರು 'ಏನೂ ತೊಂದರೆ ಇಲ್ಲ' ಎಂದ ಮಾತನ್ನು ನಂಬಿ ಕೂರಬೇಡಿ. ಅವಧಿ ಮುಗಿಯಲು ಮೂರು ತಿಂಗಳಿರುವಾಗಲೇ ಲಿಖಿತ ಕೋರಿಕೆ ಕಳಿಸಿ, ಸ್ವೀಕೃತಿ ಪಡೆಯಿರಿ. ಅವಧಿ ಮೀರಿದ ಮೇಲೆ ಕೊಟ್ಟ ವರದಿಯನ್ನು ಆಡಿಟ್‌ನವರು ಪ್ಯಾನೆಲ್‌ನಲ್ಲಿಲ್ಲದ ವಕೀಲರ ವರದಿ ಎಂದೇ ಬರೆಯುತ್ತಾರೆ. ಆಗ ಮ್ಯಾನೇಜರಿಗೂ ನಿಮಗೂ ಒಟ್ಟಿಗೇ ತಾಪತ್ರಯ.

ಕೇಳುವ ದಾಖಲೆಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ಸನ್ನದು, ಬಾರ್ ಕೌನ್ಸಿಲ್‌ನ ವೃತ್ತಿ ಪ್ರಮಾಣಪತ್ರ, ಪ್ಯಾನ್, ಬ್ಯಾಂಕ್ ಖಾತೆ ವಿವರ, ಬಾರ್ ಅಸೋಸಿಯೇಷನ್ ಸದಸ್ಯತ್ವ, ಶಿಸ್ತು ಪ್ರಕರಣ ಇಲ್ಲ ಎಂಬ ಸ್ವಯಂ ಘೋಷಣೆ, ಸ್ವಂತ ಸಾಲ ಯಾವುದೂ ಸುಸ್ತಿಯಲ್ಲಿಲ್ಲ ಎಂಬ ಘೋಷಣೆ. ಇದರಲ್ಲಿ ಮರೆತುಹೋಗುವುದು ವೃತ್ತಿ ಪ್ರಮಾಣಪತ್ರ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2015 ರ ನಿಯಮಗಳ ಪ್ರಕಾರ ಅದು ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಸ್ವಂತ ಸಾಲದ ವಿಷಯವೂ ಸಣ್ಣದಲ್ಲ. ತೋಟದ ಮೇಲೆ ತೆಗೆದ ಬೆಳೆಸಾಲ ಮಳೆ ಹೆಚ್ಚಾದ ವರ್ಷ ಸುಸ್ತಿಯಾದರೆ, ಆ ಕಾರಣಕ್ಕೇ ನವೀಕರಣ ನಿಲ್ಲಬಹುದು. ಕೆಲವು ಗೃಹಸಾಲ ಕಂಪನಿಗಳು ವೃತ್ತಿ ಹೊಣೆಗಾರಿಕೆ ವಿಮೆಯನ್ನೂ ಕೇಳುತ್ತವೆ.

ಬ್ಯಾಂಕ್ ವಿಲೀನವಾದರೆ ಹಳೆಯ ಪ್ಯಾನೆಲ್ ಪತ್ರ ತಾನಾಗಿ ಮುಂದುವರಿಯುತ್ತದೆ ಎಂದುಕೊಳ್ಳಬೇಡಿ. 2020 ರ ಏಪ್ರಿಲ್ 1 ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಅದಕ್ಕೂ ಒಂದು ವರ್ಷ ಮೊದಲು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ, 2017 ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ ಸೇರಿತ್ತು. ಇಂಥ ಸಂದರ್ಭದಲ್ಲಿ ಹೊಸ ಬ್ಯಾಂಕಿನ ಹೆಸರಿನಲ್ಲಿ ದೃಢೀಕರಣ ಪತ್ರ ಬಂದಿದೆಯೇ ನೋಡಿ.

ಬೋರ್ಡು, ಲೆಟರ್‌ಹೆಡ್ ಬಗ್ಗೆಯೂ ಒಂದು ಮಾತು. 'ಇಂಥ ಬ್ಯಾಂಕಿನ ಪ್ಯಾನೆಲ್ ವಕೀಲರು' ಎಂದು ಬರೆಸುವ ರೂಢಿ ನಮ್ಮಲ್ಲಿದೆ. ಬಾರ್ ಕೌನ್ಸಿಲ್ ನಡತೆ ನಿಯಮಗಳ 36 ನೇ ನಿಯಮದ ಪ್ರಕಾರ ಯಾವುದೇ ಸಂಸ್ಥೆಯ ಜತೆಗಿನ ಸಂಬಂಧವನ್ನಾಗಲಿ, ಇಂಥ ಕೆಲಸದಲ್ಲಿ ಪರಿಣತಿ ಇದೆ ಎಂಬುದನ್ನಾಗಲಿ ಬೋರ್ಡಿನಲ್ಲೂ ಲೆಟರ್‌ಹೆಡ್ಡಿನಲ್ಲೂ ಸೂಚಿಸುವಂತಿಲ್ಲ. ದೂರು ಕೊಡುವವರಿಗೆ ಇದು ಬಹಳ ಸುಲಭದ ಅಸ್ತ್ರ. ಇವತ್ತೇ ಅಳಿಸಿಬಿಡಿ.

ಶುಲ್ಕದ ಲೆಕ್ಕ ಸರಳ. ವಕೀಲರು ಬ್ಯಾಂಕಿಗೆ ಕೊಡುವ ಸೇವೆಗೆ ಜಿಎಸ್‌ಟಿಯನ್ನು ಬ್ಯಾಂಕೇ ಕಟ್ಟುತ್ತದೆ. ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಬಾರದು. ವಾರ್ಷಿಕ ಮಿತಿ ದಾಟಿದರೆ ವೃತ್ತಿ ಶುಲ್ಕದ ಮೇಲೆ ಶೇ. 10 ರಷ್ಟು ಟಿಡಿಎಸ್ ಹಿಡಿಯುತ್ತಾರೆ. ಸಾಲಗಾರರಿಂದ ನೇರವಾಗಿ ಕೈಗೆ ಹಣ ಪಡೆದು ರಸೀದಿ ಕೊಡದಿರುವುದು ಮಾತ್ರ ಎಂದೂ ಬೇಡ. ಸಾಲ ತಿರಸ್ಕೃತವಾದ ದಿನ ಆ ಹಣ ಲಂಚದ ಹೆಸರಿನಲ್ಲಿ ವಾಪಸು ಬರುತ್ತದೆ.

ಯಾವ ಫೈಲು ತೆಗೆದುಕೊಳ್ಳಬಾರದು

ಮಡಿಕೇರಿ, ವಿರಾಜಪೇಟೆಯಂಥ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಹಾಗಾಗಿ ಹಿತಾಸಕ್ತಿಯ ಸಂಘರ್ಷ ಇಲ್ಲಿ ದೊಡ್ಡ ಮಾತಿನಲ್ಲಿ ಬರುವುದಿಲ್ಲ. 'ನಮ್ಮ ಒಕ್ಕದವರೇ, ಸ್ವಲ್ಪ ನೋಡಿ ಕೊಡಿ' ಎಂಬ ರೂಪದಲ್ಲಿ ಬರುತ್ತದೆ; ಒಕ್ಕ ಎಂದರೆ ಇಲ್ಲಿನ ಕೂಡುಮನೆತನ. ಸಾಲಗಾರ ಅಥವಾ ಜಾಮೀನುದಾರ ನಿಮ್ಮ ಸಂಬಂಧಿಕನಾದರೆ, ಅದೇ ಆಸ್ತಿಯ ಕ್ರಯಪತ್ರ ನೀವೇ ಬರೆದಿದ್ದರೆ, ಆ ಆಸ್ತಿಯ ಮೇಲಿನ ಪಾಲಿನ ದಾವೆಯಲ್ಲಿ ಯಾವ ಕಡೆಗಾದರೂ ವಕಾಲತ್ತು ಹಾಕಿದ್ದರೆ ಫೈಲನ್ನು ಅಂದೇ ವಾಪಸು ಮಾಡಿ, ಕಾರಣವನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಹೀಗೆ ವಾಪಸು ಬಂದ ಫೈಲಿನಿಂದ ಪ್ಯಾನೆಲ್ ಹೋದ ಉದಾಹರಣೆ ಸಿಗಲಾರದು.

ಬ್ರೋಕರ್ ಅಥವಾ ಸಾಲದ ಏಜೆಂಟ್ ಮೂಲ ದಾಖಲೆ ಹಿಡಿದು ನೇರವಾಗಿ ಚೇಂಬರಿಗೆ ಬಂದರೆ ತೆಗೆದುಕೊಳ್ಳಬೇಡಿ. ದಾಖಲೆ ಬ್ಯಾಂಕಿನ ಪತ್ರದೊಂದಿಗೆ, ಪಟ್ಟಿಯೊಂದಿಗೆ ಬರಬೇಕು. ಫೈಲು ತಂದುಕೊಟ್ಟವನಿಗೆ ಶುಲ್ಕದಲ್ಲಿ ಪಾಲು ಕೊಡುವುದು ಬಾರ್ ಕೌನ್ಸಿಲ್ ನಿಯಮದ ನೇರ ಉಲ್ಲಂಘನೆ, ಏಕೆಂದರೆ ವಕೀಲರಲ್ಲದವರ ಜತೆ ಸಂಭಾವನೆ ಹಂಚಿಕೊಳ್ಳುವಂತಿಲ್ಲ.

ಫೈಲು ಬಂದ ದಿನದಿಂದ ವರದಿಯವರೆಗೆ

ಮೊದಲ ದಿನ ಮಾಡುವ ಕೆಲಸ ದಾಖಲೆಗಳ ಪಟ್ಟಿ. ಮೂಲ ಯಾವುದು, ದೃಢೀಕೃತ ನಕಲು ಯಾವುದು, ಜೆರಾಕ್ಸ್ ಯಾವುದು ಎಂದು ಒಂದೊಂದರ ಮುಂದೂ ಬರೆದು, ಶಾಖೆಗೆ ಇಮೇಲ್ ಮಾಡಿ. ಕೊರತೆ ಇದ್ದರೆ ಅದೇ ಇಮೇಲಿನಲ್ಲಿ ಕೇಳಿ. ವರದಿಗೆ ಬ್ಯಾಂಕ್ ಕೊಟ್ಟ ಗಡುವು ಕೊರತೆ ತುಂಬಿದ ದಿನದಿಂದ ಶುರುವಾಗುತ್ತದೆ ಎಂದು ತೋರಿಸಲು ನಿಮ್ಮ ಬಳಿ ಇರುವ ಆಧಾರ ಇದೊಂದೇ. ಫೋನಿನಲ್ಲಿ ಕೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಆಮೇಲೆ ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರ ತೋರಿಸುವ ಋಣಭಾರ ಪ್ರಮಾಣಪತ್ರ. ಬ್ಯಾಂಕುಗಳು ಸಾಮಾನ್ಯವಾಗಿ 30 ವರ್ಷದ ಹುಡುಕಾಟ ಕೇಳುತ್ತವೆ. ಅಡಮಾನ ಬಿಡಿಸಿಕೊಳ್ಳಲು ಅಡವಿಟ್ಟವನಿಗೆ ಕಾಲಮಿತಿ ಕಾಯಿದೆ ಕೊಟ್ಟಿರುವ ಅವಧಿಯೂ 30 ವರ್ಷವೇ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004 ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೈಬರಹದ ಸೂಚಿಪುಸ್ತಕವೇ ಗತಿ. ಎರಡೂ ಸೇರಿ ನಡುವೆ ಒಂದು ದಿನವೂ ಬಿಟ್ಟುಹೋಗಬಾರದು. ವ್ಯವಹಾರ ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ಬರುತ್ತದೆ. ನಮೂನೆ 16 ಕಂಡ ಕೂಡಲೇ ಋಣಭಾರ ಇಲ್ಲ ಎಂದು ಬರೆಯುವವರೇ ಹೆಚ್ಚು. ಇಲ್ಲಿ ನಿಧಾನಿಸಿ.

ಸರ್ವೆ ನಂಬರ್ 45 ಪೋಡಿಯಾಗಿ (ಅಳತೆ ಮಾಡಿ ಭಾಗವಾಗಿ) 45/1, 45/2, 45/3 ಆಗಿದೆ ಎಂದುಕೊಳ್ಳಿ. ಸಾಲಗಾರನದು 45/2. ಅದಕ್ಕಷ್ಟೇ ಇಸಿ ಹಾಕಿದರೆ ಪೋಡಿಗೆ ಮುಂಚೆ ಇಡೀ 45 ರ ಮೇಲೆ ನೋಂದಣಿಯಾದ ಅಡಮಾನ ಅದರಲ್ಲಿ ಕಾಣದಿರಬಹುದು. ಆದ್ದರಿಂದ ಹಳೆಯ ನಂಬರಿಗೆ ಒಂದು, ಹೊಸ ನಂಬರಿಗೆ ಒಂದು, ಹಿಂದಿನ ಪ್ರತಿ ಮಾಲೀಕನ ಹೆಸರಿನಲ್ಲೂ ಒಂದು ಹುಡುಕಾಟ ಮಾಡಿ. ಹೆಸರಿನ ವಿಷಯದಲ್ಲಿ ಕೊಡಗಿಗೆ ಒಂದು ವಿಶೇಷ ಇದೆ. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಮನೆತನದ ಹೆಸರು ಮೊದಲು ಬರುತ್ತದೆ, ಆಧಾರ್‌ನಲ್ಲಿ ಅದು ಇನಿಷಿಯಲ್ ಆಗಿಯೋ ಕೊನೆಯಲ್ಲಿಯೋ ಇರುತ್ತದೆ, ಪ್ಯಾನ್‌ನಲ್ಲಿ ತಂದೆಯ ಹೆಸರೂ ಸೇರಿಕೊಂಡಿರುತ್ತದೆ. ಮೂರೂ ರೂಪದಲ್ಲಿ ಹುಡುಕಬೇಕು, ಇಸಿಯಲ್ಲಿ ಮಾತ್ರವಲ್ಲ, ಸರ್ಸೈ (ಅಡಮಾನಗಳ ಕೇಂದ್ರ ನೋಂದಣಿ) ಮತ್ತು ನ್ಯಾಯಾಲಯಗಳ ಇ-ಕೋರ್ಟ್ಸ್‌ನಲ್ಲೂ.

ಇಸಿಯಲ್ಲಿ ಬಾರದೆ ಇರುವುದೇನು ಎಂಬುದನ್ನೂ ನೆನಪಿಡಿ. ನೋಂದಣಿಯಿಲ್ಲದೆ ಬರೀ ದಾಖಲೆ ಠೇವಣಿಯಿಂದಾದ ಅಡಮಾನ, ಬಾಯಿಮಾತಿನ ಪಾಲು, ನಡೆಯುತ್ತಿರುವ ದಾವೆ ಇವು ಅಲ್ಲಿ ಕಾಣುವುದಿಲ್ಲ. ಸಹಕಾರ ಸಂಘದ ಬೆಳೆಸಾಲಕ್ಕೆ 1974 ರ ಕರ್ನಾಟಕ ಕೃಷಿ ಸಾಲ ಕಾರ್ಯಾಚರಣೆ ಕಾಯಿದೆಯಡಿ ಬರೆದುಕೊಡುವ ಘೋಷಣೆ ಇಸಿಯಲ್ಲೂ ಆರ್‌ಟಿಸಿಯ 11 ನೇ ಕಾಲಂನಲ್ಲೂ ಬರಬೇಕು. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬಾರದಿರುವುದು ಮಾಮೂಲು. ಎರಡನ್ನೂ ಎದುರುಬದುರು ಇಟ್ಟು ಓದಿ. ಸಾಲ ತೀರಿಸಿ ಇಪ್ಪತ್ತು ವರ್ಷವಾದರೂ 11 ನೇ ಕಾಲಂನಲ್ಲಿ ಹಳೆಯ ಸಂಘದ ಹೆಸರು ಕುಳಿತಿರುತ್ತದೆ. ಅದಕ್ಕೆ ಋಣಮುಕ್ತ ಪತ್ರ ತರಿಸಿ, ನಮೂದು ತೆಗೆಸಿದ ಮೇಲೆ ವರದಿ. ಹಳೆಯ ಅಡಮಾನ ಸಿಂಡಿಕೇಟ್ ಬ್ಯಾಂಕಿನದಾದರೆ ಬಿಡುಗಡೆ ಪತ್ರವನ್ನು ಕೆನರಾ ಕೊಡಬೇಕು.

ದೃಢೀಕೃತ ನಕಲು ಪಡೆಯುವುದನ್ನು ಯಾರಿಗೂ ವಹಿಸಬೇಡಿ, ಸಾಲಗಾರನಿಗಂತೂ ಬೇಡವೇ ಬೇಡ. ನೀವೇ ಅರ್ಜಿ ಹಾಕಿ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ನಕಲು ತೆಗೆದು, ಬ್ಯಾಂಕ್ ಕಳಿಸಿದ ಮೂಲದ ಪಕ್ಕದಲ್ಲಿಟ್ಟು ಪುಟಪುಟ ಹೋಲಿಸಬೇಕು. ದಾಖಲೆ ಸಂಖ್ಯೆ, ಪುಸ್ತಕ, ವರ್ಷ, ಪುಟಗಳ ಎಣಿಕೆ, ಭಾವಚಿತ್ರ, ಹೆಬ್ಬೆಟ್ಟು, ಛಾಪಾ ಶುಲ್ಕದ ಮೊತ್ತ, ಚಕ್ಕುಬಂದಿ ಎಲ್ಲವೂ ತಾಳೆಯಾಗಬೇಕು. ಬಣ್ಣದ ಜೆರಾಕ್ಸನ್ನು ಮೂಲ ಎಂದು ಎರಡು ಬ್ಯಾಂಕಿಗೆ ಕೊಟ್ಟು ಎರಡು ಸಾಲ ಎತ್ತುವ ವಂಚನೆ ಇವತ್ತಿಗೂ ನಡೆಯುತ್ತಿದೆ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಮೊಹರಿನ ಒತ್ತು ಹಿಂಬದಿಗೆ ಬೆರಳಿಗೆ ಸಿಗುತ್ತದೆಯೇ ಎಂದು ಸವರಿ. ಮೂಲ ಕಳೆದಿದೆ ಎಂದರೆ ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ, ದೃಢೀಕೃತ ನಕಲು, ನಷ್ಟಪರಿಹಾರ ಮುಚ್ಚಳಿಕೆ ಈ ನಾಲ್ಕೂ ಬೇಕು. ಮುಂದುವರಿಯಬೇಕೇ ಬೇಡವೇ ಎಂಬ ತೀರ್ಮಾನವನ್ನು ಬ್ಯಾಂಕಿನ ಮೇಲಿನ ಕಚೇರಿಗೆ ಬಿಡಿ.

ಕೋರ್ಟು ಹುಡುಕಾಟದಲ್ಲಿ ಸಿವಿಲ್ ನ್ಯಾಯಾಲಯದ ಜತೆ ಕಂದಾಯ ನ್ಯಾಯಾಲಯವನ್ನೂ ಸೇರಿಸಿ. ಮ್ಯುಟೇಷನ್ (ಖಾತೆ ಬದಲಾವಣೆ) ವಿರುದ್ಧ ಉಪವಿಭಾಗಾಧಿಕಾರಿ ಮುಂದೆ ಮೇಲ್ಮನವಿ ಬಾಕಿ ಇದ್ದು, ಆರ್‌ಟಿಸಿ ಮಾತ್ರ ಸ್ವಚ್ಛವಾಗಿ ಕಾಣುವ ಪ್ರಕರಣಗಳು ಸಾಕಷ್ಟು.

ಜಮ್ಮಾ, ಬಾಣೆ, ಪಟ್ಟೆದಾರ: ಇಲ್ಲಿ ನಿಧಾನ

ಬೇರೆ ಜಿಲ್ಲೆಯಲ್ಲಿ ಆರ್‌ಟಿಸಿಯ 9 ನೇ ಕಾಲಂನಲ್ಲಿ ಹೆಸರಿದ್ದರೆ ಅವನೇ ಮಾಲೀಕ ಎಂದು ಶುರುಮಾಡಬಹುದು. ಜಮ್ಮಾ, ಅಂದರೆ ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನಲ್ಲಿ ಹಾಗೆ ಶುರುಮಾಡಿದರೆ ಮುಗಿಯಿತು. ಅಲ್ಲಿರುವುದು ಪಟ್ಟೆದಾರನ ಹೆಸರು, ಹೆಚ್ಚೆಂದರೆ 'ಮತ್ತು ಇತರರು' ಎಂಬ ಬಾಲ. ಪಟ್ಟೆದಾರ ಇಡೀ ಒಕ್ಕದ ಪರವಾಗಿ ಕಂದಾಯ ಕಟ್ಟುವ ಪ್ರತಿನಿಧಿ. ಅವನ ಹೆಸರಿದೆ ಎಂದ ಮಾತ್ರಕ್ಕೆ ಜಮೀನು ಅವನೊಬ್ಬನದಲ್ಲ, ಹೆಸರಿಲ್ಲದ ಮಾತ್ರಕ್ಕೆ ಉಳಿದವರಿಗೆ ಹಕ್ಕಿಲ್ಲ ಎಂದೂ ಅಲ್ಲ. ಆ ಪಟ್ಟೆದಾರ ತೀರಿಕೊಂಡು ನಲವತ್ತು ವರ್ಷವಾಗಿದ್ದು, ಹೆಸರು ಹಾಗೆಯೇ ಇರುವುದೂ ಉಂಟು.

ಇತ್ತ ಒಕ್ಕದೊಳಗೆ ಪಾಲು ಯಾವಾಗಲೋ ಬಾಯಿಮಾತಿನಲ್ಲಿ ಆಗಿರುತ್ತದೆ. ಈ ಬರೆಯಲ್ಲಿ (ಇಳಿಜಾರಿನಲ್ಲಿ) ಒಬ್ಬನ ಕಾಫಿ, ಆಚೆ ಬರೆಯಲ್ಲಿ ಇನ್ನೊಬ್ಬನದು, ಗದ್ದೆ ಮೂರು ಮನೆಯವರದು. ಎಲ್ಲರಿಗೂ ಗಡಿ ಗೊತ್ತು, ಯಾರಿಗೂ ತಕರಾರಿಲ್ಲ. ಸಾಲಗಾರ ಬಂದು 'ನನ್ನ ಭಾಗ ಐದು ಏಕರೆ' ಎನ್ನುತ್ತಾನೆ. ಅವನು ಹೇಳುವುದು ನಿಜವೇ. ಆದರೆ ಬ್ಯಾಂಕು ಹರಾಜಿಗೆ ಇಡುವ ದಿನ ಆ ಐದು ಏಕರೆ ಕಾಗದದ ಮೇಲೆ ಎಲ್ಲೂ ಇರುವುದಿಲ್ಲ, ದಾಯಾದಿಗಳೆಲ್ಲ ತಡೆಯಾಜ್ಞೆ ತರುತ್ತಾರೆ.

ಇಂಥ ಫೈಲಿಗೆ ಕೇಳಬೇಕಾದವು ಹೀಗಿವೆ. ಹಳೆಯ ಜಮಾಬಂದಿ (ಕಂದಾಯ ಲೆಕ್ಕ) ನಕಲಿನಿಂದ ಹಿಡಿದು ಇವತ್ತಿನ ಆರ್‌ಟಿಸಿವರೆಗೆ ಪಟ್ಟೆದಾರಿಕೆ ಯಾರಿಂದ ಯಾರಿಗೆ ಬಂತು ಎಂಬ ಸರಣಿ. ನಾಡಕಚೇರಿಯಿಂದ ವಂಶವೃಕ್ಷ, ಅದರಲ್ಲಿ ಹೆಣ್ಣುಮಕ್ಕಳ ಹೆಸರೂ ಇರಬೇಕು. ನೋಂದಾಯಿತ ಪಾಲುಪಟ್ಟಿ. ಅದರಂತೆ 11ಇ ನಕ್ಷೆ (ಖಾತೆ ಬದಲಾವಣೆಗೆ ಮುಂಚಿನ ಸರ್ವೆ ನಕ್ಷೆ), ಪೋಡಿ, ಮ್ಯುಟೇಷನ್. ಇಷ್ಟೂ ಇದ್ದರೆ ಅದು ಒಳ್ಳೆಯ ಫೈಲು. ಪಾಲುಪಟ್ಟಿ ಇಲ್ಲದಿದ್ದರೆ ಎರಡೇ ದಾರಿ: ಎಲ್ಲ ಹಕ್ಕುದಾರರೂ ಅಡಮಾನಕ್ಕೆ ಸಹಿ ಹಾಕುವುದು, ಇಲ್ಲವೇ ಉಳಿದವರು ನೋಂದಾಯಿತ ಹಕ್ಕುಬಿಡುಗಡೆ ಪತ್ರ ಕೊಡುವುದು. ಬಿಳಿ ಹಾಳೆಯ ಮೇಲೆ 'ನಮ್ಮದೇನೂ ಆಕ್ಷೇಪಣೆ ಇಲ್ಲ' ಎಂದು ಬರೆದು ನೋಟರಿ ಮಾಡಿಸಿದ್ದು ಸಾಲದು. ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿ ಆಗಲೇಬೇಕು. ಹಿಂದೆ ಆದ ಬಾಯಿಮಾತಿನ ಪಾಲನ್ನು ನೆನಪಿಗಾಗಿ ಬರೆದಿಟ್ಟ ಕಾಗದಕ್ಕೆ ಕೋರ್ಟಿನಲ್ಲಿ ಒಂದಿಷ್ಟು ಬೆಲೆ ಇದ್ದರೂ ಸಾಲಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ. ಹೆಣ್ಣುಮಕ್ಕಳ ವಿಷಯದಲ್ಲಿ 'ಮದುವೆಯಾಗಿ ಹೋದವರು' ಎಂಬ ವಾದಕ್ಕೆ 2005 ರ ತಿದ್ದುಪಡಿ ಮತ್ತು 2020 ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಜಾಗವಿಲ್ಲ. ಒಕ್ಕದ ಪದ್ಧತಿ ಬೇರೆ ಎಂದು ಯಾರಾದರೂ ಹೇಳಿದರೆ ಆ ಪದ್ಧತಿಯ ಪುರಾವೆಯನ್ನು ವರದಿ ಬರೆಯುವ ವಕೀಲ ಹುಡುಕುತ್ತಾ ಕೂರಬೇಕಿಲ್ಲ, ಅವರ ಸಹಿ ತರಿಸಿದರೆ ಆಯಿತು. ಅಪ್ರಾಪ್ತರ ಪಾಲಿದ್ದರೆ ನ್ಯಾಯಾಲಯದ ಅನುಮತಿಯಿಲ್ಲದೆ ಮುಂದೆ ಹೋಗಬೇಡಿ.

ಬಾಣೆಯದು ಇನ್ನೊಂದು ಕಥೆ. ಬಾಣೆ ಮೂಲತಃ ಗದ್ದೆಯ ವರ್ಗಕ್ಕೆ (ಮೂಲ ಹಿಡುವಳಿಗೆ) ಅಂಟಿಕೊಂಡ ಗುಡ್ಡದ ಜಾಗ: ಸೌದೆ, ಸೊಪ್ಪು, ದನ ಮೇಯಿಸುವುದಕ್ಕೆ. ಕಾಲಕ್ರಮದಲ್ಲಿ ಅದೇ ಕಾಫಿ ತೋಟವಾಯಿತು. ಮಣ್ಣು, ಮರ, ಮಾಲೀಕತ್ವ ಯಾರದು ಎಂಬ ಜಗಳ ಹೈಕೋರ್ಟಿನವರೆಗೆ ಹೋಗಿ, ಭೂಕಂದಾಯ ಕಾಯಿದೆಗೆ ತಿದ್ದುಪಡಿಯೂ ಬಂತು. ವರದಿಯ ಮಟ್ಟಿಗೆ ನೋಡಬೇಕಾದ್ದು ಇಷ್ಟು: ಈ ಬಾಣೆ ಯಾವ ವರ್ಗಕ್ಕೆ ಸೇರಿದ್ದು, ಆ ಗದ್ದೆ ಇನ್ನೂ ಇದೇ ಕುಟುಂಬದ ಬಳಿ ಇದೆಯೇ, ಗದ್ದೆ ಮಾರಿ ಬಾಣೆ ಮಾತ್ರ ಉಳಿಸಿಕೊಂಡಿದ್ದಾರೆಯೇ, ಕಂದಾಯ ನಿಗದಿಯಾಗಿದೆಯೇ. ಗದ್ದೆ ಒಬ್ಬರ ಕೈಯಲ್ಲಿ, ಬಾಣೆ ಇನ್ನೊಬ್ಬರ ಕೈಯಲ್ಲಿ ಇದ್ದರೆ ಅದನ್ನು ಮುಚ್ಚದೆ ಬರೆಯಿರಿ.

ಸಾಗು ಜಮೀನಿನಲ್ಲಿ 'ಅನ್‌ರಿಡೀಮ್ಡ್' ಎಂಬ ನಮೂದು ಕಂಡರೆ ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಬಿಡಿಸಿಕೊಂಡಿಲ್ಲ ಎಂದರ್ಥ. ಅಲ್ಲಿನ ಬೀಟೆ ಮರದ ಮೇಲೆ ಸಾಲಗಾರನಿಗೆ ಹಕ್ಕಿಲ್ಲ. ಆದರೆ ಮೌಲ್ಯಮಾಪಕರು ಮರವನ್ನೂ ಎಣಿಸಿ ಬೆಲೆ ಹಾಕಿರುತ್ತಾರೆ. ವಕೀಲರ ವರದಿಯಲ್ಲಿ 'ಮರದ ಮೌಲ್ಯವನ್ನು ಭದ್ರತೆಯ ಲೆಕ್ಕಕ್ಕೆ ಸೇರಿಸಬಾರದು' ಎಂದು ಒಂದು ಸಾಲು ಇದ್ದರೆ ನೀವು ಬಚಾವ್. ಕಾಫಿ ಮಂಡಳಿಯ ನೋಂದಣಿ ಪತ್ರವನ್ನು ಮಾಲೀಕತ್ವದ ದಾಖಲೆ ಎಂದು ಕೊಡುವವರಿದ್ದಾರೆ. ಅದು ಬೆಳೆಗಾರನ ನೋಂದಣಿ, ಟೈಟಲ್ ಅಲ್ಲ.

ಅಕ್ರಮ ಸಕ್ರಮದಲ್ಲಿ, ಅಂದರೆ ನಮೂನೆ 50, 53, 57 ರಡಿ ಬಂದ ಜಮೀನಾದರೆ ಮಂಜೂರಾತಿ ಆದೇಶವನ್ನೇ ತರಿಸಿ ಷರತ್ತು ಓದಿ. ಸಾಗುವಳಿ ಚೀಟಿ ಮಾತ್ರ ನೋಡಿ ಬಿಡಬೇಡಿ. ಸಾಮಾನ್ಯವಾಗಿ 15 ವರ್ಷ ಪರಭಾರೆ ನಿಷೇಧ ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾಗಿದ್ದ ಜಮೀನು ಕೈಬದಲಾಗಿ ಬಂದಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978 ರ ಪಿಟಿಸಿಎಲ್ ಕಾಯಿದೆ ಅಡ್ಡಬರುತ್ತದೆ. 2023 ರ ತಿದ್ದುಪಡಿಯ ಮೇಲೆ 'ತುಂಬ ಹಳೆಯ ವ್ಯವಹಾರ' ಎಂಬ ಸಮಾಧಾನವನ್ನೂ ನೆಚ್ಚಿಕೊಳ್ಳುವಂತಿಲ್ಲ. ಪೈಸಾರಿಗೆ (ಸರ್ಕಾರಿ ಜಾಗಕ್ಕೆ), ದೇವರಕಾಡಿಗೆ, ಅರಣ್ಯದ ಗಡಿಗೆ ತಾಗಿದ ಜಮೀನಾದರೆ ಸರ್ವೆ ನಕ್ಷೆ ಮತ್ತು ಅರಣ್ಯ ಇಲಾಖೆಯ ಹಿಂಬರಹ ಎರಡೂ ಇರಲಿ.

ಅಳತೆಯಲ್ಲಿ ಆಗುವ ತಪ್ಪು ತಮಾಷೆಯಂತೆ ಕಂಡರೂ ದುಬಾರಿ. ಕೊಡಗಿನಲ್ಲಿ ಸೆಂಟ್ ಲೆಕ್ಕ, ಏಕರೆಗೆ 100. ಮೈಸೂರು, ಬೆಂಗಳೂರು ಕಡೆಯವರಿಗೆ ಗುಂಟೆ ಲೆಕ್ಕ, ಏಕರೆಗೆ 40. '2.20' ಎಂದು ಬರೆದದ್ದನ್ನು ಅಲ್ಲಿನ ಸಾಲ ಮಂಜೂರಾತಿ ಕೇಂದ್ರ 2 ಏಕರೆ 20 ಗುಂಟೆ, ಅಂದರೆ ಎರಡೂವರೆ ಏಕರೆ ಎಂದು ಓದಿಬಿಡುತ್ತದೆ. ಇಲ್ಲದ 30 ಸೆಂಟಿಗೆ ಸಾಲ ಮಂಜೂರಾಗುತ್ತದೆ. ವಿಸ್ತೀರ್ಣವನ್ನು ಯಾವಾಗಲೂ ಅಕ್ಷರದಲ್ಲಿ, 'ಎರಡು ಏಕರೆ ಇಪ್ಪತ್ತು ಸೆಂಟ್' ಎಂದೇ ಬರೆಯಿರಿ.

ಪಟ್ಟಣದ ಹಾಗೂ ಪಂಚಾಯಿತಿ ನಿವೇಶನಗಳು ಇದಕ್ಕಿಂತ ಸುಲಭ. ಭೂಪರಿವರ್ತನೆ ಆದೇಶ, ಬಡಾವಣೆ ನಕ್ಷೆ, ಇ-ಖಾತೆ ನೋಡಿ. ಪಂಚಾಯಿತಿಯಲ್ಲಿ ನಮೂನೆ 9 ಮತ್ತು 11ಎ ಇದ್ದರೆ ಸರಿ, 11ಬಿ (ಕ್ರಮಬದ್ಧವಲ್ಲದ ಸ್ವತ್ತಿನದು) ಇದ್ದರೆ ಅನೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಕುಶಾಲನಗರದ ಕಡೆ ನಿವೇಶನಗಳಲ್ಲಿ ಇದನ್ನು ಮೊದಲೇ ನೋಡಿಬಿಟ್ಟರೆ ಉಳಿದ ಶ್ರಮ ತಪ್ಪುತ್ತದೆ. ತೋಟದ ನಡುವಿನ ಹೋಂಸ್ಟೇಗೆ ಸಾಲ ಕೇಳಿದರೆ ಕಟ್ಟಡ ನಿಂತ ಜಾಗಕ್ಕೆ ಪರಿವರ್ತನೆ ಆಗಿದೆಯೇ ಕೇಳಿ.

ಮುಕ್ತ್ಯಾರುನಾಮೆಯ (ಪವರ್ ಆಫ್ ಅಟಾರ್ನಿ) ಮೇಲೆ ಅಡಮಾನ ಮಾಡುವುದು ಇಲ್ಲಿ ಹೆಚ್ಚು, ಏಕೆಂದರೆ ಮನೆಯವರು ಸೈನ್ಯದಲ್ಲೋ ವಿದೇಶದಲ್ಲೋ ಇರುತ್ತಾರೆ. ಕೊಟ್ಟವರು ಬದುಕಿದ್ದಾರೆಯೇ, ಅಡಮಾನ ಇಡುವ ಅಧಿಕಾರ ಸ್ಪಷ್ಟ ಶಬ್ದದಲ್ಲಿದೆಯೇ ನೋಡಿ. ಮಾರುವ ಅಧಿಕಾರ ಇದ್ದರೆ ಅಡಮಾನದ್ದೂ ಇದೆ ಎಂದು ಊಹಿಸಬಾರದು. ವಿದೇಶದಲ್ಲಿ ಬರೆದ ಪತ್ರವಾದರೆ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಿರಬೇಕು.

ಸರ್ಫೇಸಿ ಕಾಲಂ

ಬ್ಯಾಂಕಿನ ನಮೂನೆಯಲ್ಲಿ 'ಈ ಆಸ್ತಿಗೆ ಸರ್ಫೇಸಿ ಕಾಯಿದೆ ಅನ್ವಯಿಸುತ್ತದೆಯೇ' ಎಂಬ ಪ್ರಶ್ನೆ ಇರುತ್ತದೆ. ಹೌದು ಎಂದು ಟಿಕ್ ಹಾಕುವುದು ಕೈಗೆ ರೂಢಿಯಾಗಿರುತ್ತದೆ. ಕೋರ್ಟಿಗೆ ಹೋಗದೆ ಅಡವಿನ ಆಸ್ತಿ ವಶಪಡಿಸಿ ಮಾರಲು ಬ್ಯಾಂಕಿಗೆ ಅವಕಾಶ ಕೊಡುವ 2002 ರ ಈ ಕಾಯಿದೆಯ 31 ನೇ ಕಲಂ ಕೃಷಿ ಜಮೀನಿನ ಮೇಲಿನ ಭದ್ರತೆಯನ್ನು ಹೊರಗಿಟ್ಟಿದೆ. ಗದ್ದೆಗೆ ಅನ್ವಯಿಸುವುದಿಲ್ಲ ಎಂಬುದರಲ್ಲಿ ಗೊಂದಲವಿಲ್ಲ. ಕಾಫಿ ತೋಟದ ವಿಷಯದಲ್ಲಿ ಬೆಳೆಗಾರರಿಗೂ ಬ್ಯಾಂಕುಗಳಿಗೂ ಜಟಾಪಟಿ ನಡೆದೇ ಇದೆ. ಕಂದಾಯ ದಾಖಲೆಯಲ್ಲಿ ಏನಿದೆ ಎಂಬುದರ ಜತೆ ಜಮೀನನ್ನು ವಾಸ್ತವವಾಗಿ ಯಾವುದಕ್ಕೆ ಬಳಸುತ್ತಿದ್ದಾರೆ ಎಂಬುದೂ ಮುಖ್ಯ ಎಂಬುದು ಸುಪ್ರೀಂ ಕೋರ್ಟಿನ ನಿಲುವು. ಹಾಗಾಗಿ ಹೌದು, ಇಲ್ಲ ಎಂಬ ಒಂದು ಪದದ ಬದಲು ಜಮೀನಿನ ಸ್ವರೂಪ, ಬೆಳೆ, ಪರಿವರ್ತನೆ ಆದ ಭಾಗ, ಆಗದ ಭಾಗ ಬರೆದು, ಪರಿವರ್ತನೆಯಾಗದ ತೋಟದ ಮೇಲೆ ಸರ್ಫೇಸಿ ಕ್ರಮವನ್ನು ಪ್ರಶ್ನಿಸುವ ಸಾಧ್ಯತೆ ಇದೆ ಎಂದು ಹೇಳಿ. ಬ್ಯಾಂಕು ಬೇಕಿದ್ದರೆ ಮನೆಯ ನಿವೇಶನವನ್ನೂ ಭದ್ರತೆಗೆ ಸೇರಿಸಿಕೊಳ್ಳುತ್ತದೆ.

ಅಭಿಪ್ರಾಯ ಬರೆಯುವ ಬಗೆ

ಕೊನೆಯ ಪ್ಯಾರಾದಲ್ಲಿ 'ಟೈಟಲ್ ಸ್ಪಷ್ಟ ಹಾಗೂ ಮಾರಾಟಯೋಗ್ಯ' ಎಂದು ಬರೆದು, ಅದರ ಕೆಳಗೆ 'ಆದರೆ ಈ ದಾಖಲೆಗಳನ್ನು ಪಡೆಯತಕ್ಕದ್ದು' ಎಂದು ಹತ್ತು ಸಾಲು ಸೇರಿಸುವುದು ಬಹಳ ಕಡೆ ಕಾಣುವ ಕೆಟ್ಟ ಅಭ್ಯಾಸ. ಶಾಖೆ ಮೊದಲ ಸಾಲು ಓದಿ ಸಾಲ ಬಿಡುಗಡೆ ಮಾಡುತ್ತದೆ, ವಿಜಿಲೆನ್ಸ್‌ನವರು ಉಳಿದ ಹತ್ತು ಸಾಲು ಓದುತ್ತಾರೆ. ದೋಷ ಇದ್ದರೆ ಟೈಟಲ್ ಇನ್ನೂ ಪೂರ್ಣವಾಗಿಲ್ಲ ಎಂದೇ ಮೊದಲು ಬರೆಯಿರಿ. ಯಾವ ಷರತ್ತು ಸಾಲ ಬಿಡುಗಡೆಗೆ ಮುಂಚೆ ಪೂರೈಸಬೇಕು, ಯಾವುದು ನಂತರವೂ ಆಗಬಹುದು ಎಂದು ಬೇರೆ ಬೇರೆ ಮಾಡಿ. ದಾಖಲೆ ಬಂದ ಮೇಲೆ ಪೂರಕ ವರದಿ ಕೊಟ್ಟು, ಅದರಲ್ಲಿ ಮೊದಲ ವರದಿಯ ದಿನಾಂಕ ನಮೂದಿಸಿ. ಷರತ್ತು ಹೆಚ್ಚು ಬರೆದರೆ ಶಾಖೆಗೆ ಬೇಸರವಾಗಿ ಫೈಲು ಕಡಿಮೆಯಾಗುತ್ತದೆ ಎಂಬ ಹೆದರಿಕೆ ನಿಜವೇ. ಕೆಲವು ತಿಂಗಳು ಕಡಿಮೆಯಾಗಲೂಬಹುದು, ಆದರೆ ವಲಯ ಕಚೇರಿಯ ಕಾನೂನು ಅಧಿಕಾರಿ ಓದುವುದು ಇದನ್ನೇ, ನವೀಕರಣದ ಸಹಿ ಅವರದು.

ಠೇವಣಿ ಮಾಡಬೇಕಾದ ಮೂಲ ದಾಖಲೆಗಳ ಪಟ್ಟಿಯನ್ನು ವರದಿಗೆ ಪ್ರತ್ಯೇಕವಾಗಿ ಲಗತ್ತಿಸಿ. ದಾಖಲೆ ಠೇವಣಿಯ ಅಡಮಾನ 1882 ರ ಸ್ವತ್ತು ವರ್ಗಾವಣೆ ಕಾಯಿದೆಯ 58(ಎಫ್) ಪ್ರಕಾರ ಸರ್ಕಾರ ಅಧಿಸೂಚಿಸಿದ ಪಟ್ಟಣದಲ್ಲೇ ಆಗಬೇಕು. ಆಸ್ತಿ ಎಲ್ಲಿದ್ದರೂ ಪರವಾಗಿಲ್ಲ, ದಾಖಲೆ ಒಪ್ಪಿಸುವ ಜಾಗ ಮುಖ್ಯ. ಶಾಖೆ ಹಳ್ಳಿಯಲ್ಲಿದ್ದರೆ ಅಧಿಸೂಚನೆ ನೋಡಿ, ಬೇಕಾದರೆ ಅಧಿಸೂಚಿತ ಪಟ್ಟಣದ ಶಾಖೆಯಲ್ಲಿ ಒಪ್ಪಿಸಲು ಹೇಳಿ, ಠೇವಣಿಯ ಜ್ಞಾಪನಾಪತ್ರದಲ್ಲಿ ಆ ಜಾಗವನ್ನೇ ಬರೆಸಿ. ನಂತರ ಸರ್ಸೈ ನೋಂದಣಿ ಆಗಿದೆಯೇ ಎಂದು ಶಾಖೆಯನ್ನು ಕೇಳಿ ಫೈಲಿನಲ್ಲಿ ಗುರುತು ಹಾಕಿಕೊಳ್ಳಿ. ಅದಿಲ್ಲದೆ ಬ್ಯಾಂಕು ಸರ್ಫೇಸಿ ಕ್ರಮಕ್ಕೆ ಇಳಿಯುವಂತಿಲ್ಲ.

5 ಕೋಟಿ ಮತ್ತು ಅದಕ್ಕೆ ಮೇಲ್ಪಟ್ಟ ಸಾಲಗಳಲ್ಲಿ ಸಾಲ ತೀರುವವರೆಗೂ ಕಾಲಕಾಲಕ್ಕೆ ಟೈಟಲ್ ದಾಖಲೆಗಳ ಕಾನೂನು ಆಡಿಟ್ ಆಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ದೊಡ್ಡ ಎಸ್ಟೇಟಿನ ಫೈಲು ನಿಮ್ಮ ಕೈಗೆ ಬಂದರೆ ನಿಮ್ಮ ವರದಿಯನ್ನು ಇನ್ನೊಬ್ಬ ವಕೀಲ ಮತ್ತೆ ಮತ್ತೆ ತೆರೆದು ನೋಡುತ್ತಾನೆ ಎಂದೇ ಬರೆಯಿರಿ.

ನೋಟಿಸ್ ಬಂದಾಗ

ಸಾಲ ವಂಚನೆ ಎಂದು ಘೋಷಣೆಯಾದರೆ ವಕೀಲ, ಮೌಲ್ಯಮಾಪಕ ಎಲ್ಲರಿಗೂ ವಿವರಣೆ ಕೇಳುತ್ತಾರೆ. ತಪ್ಪೆಸಗಿದವರ ಹೆಸರು ಭಾರತೀಯ ಬ್ಯಾಂಕುಗಳ ಸಂಘಕ್ಕೆ ಹೋಗಿ, ಅಲ್ಲಿಂದ ಎಚ್ಚರಿಕೆ ಪಟ್ಟಿಯಾಗಿ ಉಳಿದ ಬ್ಯಾಂಕುಗಳಿಗೂ ತಲುಪುತ್ತದೆ. ಒಂದು ಬ್ಯಾಂಕಿನಲ್ಲಿ ಹೋದ ಹೆಸರು ಎಲ್ಲ ಕಡೆ ಹೋಗುವುದು ಹೀಗೆ. ಆದ್ದರಿಂದ ವಿವರಣೆ ಕೇಳಿದ ಪತ್ರಕ್ಕೆ ಮೌನ ಉತ್ತರವಲ್ಲ. ಗಡುವಿನೊಳಗೆ, ಲಿಖಿತವಾಗಿ, ಲಗತ್ತುಗಳ ಸಮೇತ ಉತ್ತರಿಸಿ: ಹುಡುಕಾಟದ ಅರ್ಜಿ, ಶುಲ್ಕ ರಸೀದಿ, ದೃಢೀಕೃತ ನಕಲು, ಕೊರತೆ ಕೇಳಿದ ಇಮೇಲ್, ಷರತ್ತು ಬರೆದ ಪುಟ. ಖುದ್ದು ಹಾಜರಾಗಿ ಹೇಳಿಕೊಳ್ಳುವ ಅವಕಾಶವನ್ನೂ ಅದೇ ಉತ್ತರದಲ್ಲಿ ಕೋರಿ.

ಕ್ರಿಮಿನಲ್ ಹೊಣೆಯ ವಿಷಯದಲ್ಲಿ 2012 ರಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ವಿರುದ್ಧ ಕೆ. ನಾರಾಯಣ ರಾವ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆತ ಬ್ಯಾಂಕೊಂದರ ಪ್ಯಾನೆಲ್ ವಕೀಲ. ಅಭಿಪ್ರಾಯ ತಪ್ಪಾಗಿತ್ತು ಎಂಬಷ್ಟಕ್ಕೇ ಮೊಕದ್ದಮೆ ಹೂಡುವಂತಿಲ್ಲ, ವಂಚಕರ ಜತೆ ಕೈಜೋಡಿಸಿದ್ದಕ್ಕೆ ಆಧಾರ ಬೇಕು, ನಿರ್ಲಕ್ಷ್ಯವಿದ್ದರೆ ಅದು ವೃತ್ತಿ ದುರ್ನಡತೆಯ ಅಥವಾ ನಷ್ಟಪರಿಹಾರದ ವಿಷಯವಾಗಬಹುದು ಎಂಬುದು ಅದರ ತಿರುಳು. ಇದನ್ನು ಓದಿ ನಿರಾಳರಾಗುವ ಮುನ್ನ, ಪ್ಯಾನೆಲ್‌ನಿಂದ ತೆಗೆಯಲು ಬ್ಯಾಂಕಿಗೆ ಅಷ್ಟು ಪುರಾವೆಯೇನೂ ಬೇಕಾಗುವುದಿಲ್ಲ ಎಂಬುದನ್ನು ನೆನಪಿಡಿ.

ಕಚೇರಿ ಪ್ರತಿಯನ್ನು ಸಾಲ ತೀರುವವರೆಗೆ ಇಡಬೇಕು. ಅಡಮಾನದ ಹಣಕ್ಕೆ ದಾವೆ ಹೂಡಲು ಬ್ಯಾಂಕಿಗೆ ಹಣ ಬಾಕಿಯಾದ ದಿನದಿಂದ 12 ವರ್ಷ ಇದೆ. ಗೃಹಸಾಲ 20 ವರ್ಷದ್ದಾದರೆ ಲೆಕ್ಕ ನೀವೇ ಹಾಕಿ. ಕೊಡಗಿನ ಮಳೆಗಾಲದಲ್ಲಿ ಕಾಗದ ಬೂಷ್ಟು ಹಿಡಿಯದೆ ಉಳಿಯುವುದಿಲ್ಲ. ಪ್ರತಿ ಫೈಲನ್ನೂ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ, ಒಂದು ಚೇಂಬರಿನಿಂದ ಹೊರಗೆ ಇರಲಿ.

ಪ್ಯಾನೆಲ್‌ನಿಂದ ನೀವಾಗಿಯೇ ಹೊರಬರುವುದಾದರೆ, ಉದಾಹರಣೆಗೆ ಸರ್ಕಾರಿ ವಕೀಲರಾಗಿ ನೇಮಕವಾದರೆ, ಬಾಕಿ ಫೈಲುಗಳ ಪಟ್ಟಿ, ನಿಮ್ಮಲ್ಲಿರುವ ಮೂಲ ದಾಖಲೆಗಳ ಪಟ್ಟಿ ಮಾಡಿ ಶಾಖೆಗೆ ಒಪ್ಪಿಸಿ, ಎರಡು ಪ್ರತಿಯಲ್ಲಿ ಸಹಿ ಪಡೆಯಿರಿ. ಸಾಲ ತೀರಿದ 30 ದಿನದೊಳಗೆ ಮೂಲ ದಾಖಲೆ ವಾಪಸು ಕೊಡದಿದ್ದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿ ಕಟ್ಟಬೇಕೆಂದು ರಿಸರ್ವ್ ಬ್ಯಾಂಕ್ 2023 ರ ಡಿಸೆಂಬರ್ 1 ರಿಂದ ಜಾರಿಗೆ ತಂದಿದೆ. ಆ ದಾಖಲೆ ನಿಮ್ಮ ಬೀರುವಿನಲ್ಲಿ ಉಳಿದಿದ್ದರೆ ಆ ಬಿಲ್ಲನ್ನು ಯಾರ ಕಡೆ ತಿರುಗಿಸುತ್ತಾರೆ ಎಂಬುದನ್ನು ಬೇರೆ ಹೇಳಬೇಕಿಲ್ಲ.